ಯಾವುದರ ಪಕ್ಕ ಇಟ್ಟು ನೋಡುತ್ತೀರಿ?

ಹಳೇ ಪುಸ್ತಕ, ಹಳೇ ಕಾಗದ, ಹಳೇ ಬ್ಯಾಟುಗಳ ಮೇಲೆ ದೊಡ್ಡವರ ಸಹಿ ಹುಡುಕಿ ಕೊಳ್ಳುವ ಗೆಳೆಯರೇ,

ಈಚೆಗೆ ನಿಮ್ಮಲ್ಲಿ ಹಲವರು ಸಿಕ್ಕಲ್ಲೆಲ್ಲ ಮೊಬೈಲು ಮುಂದೆ ಹಿಡಿದು "ಸಾರ್, ಇದು ಅಸಲೀನಾ?" ಎಂದು ಕೇಳುತ್ತಿದ್ದೀರಿ. ಒಬ್ಬರ ಫೋಟೊದಲ್ಲಿ ಬೇಂದ್ರೆಯವರದ್ದೆನ್ನುವ ಸಹಿ, ಇನ್ನೊಬ್ಬರದ್ದರಲ್ಲಿ ವಿಶ್ವೇಶ್ವರಯ್ಯನವರ ಹೆಸರಿರುವ ಟೈಪು ಮಾಡಿದ ಪತ್ರ, ಮತ್ತೊಬ್ಬರದ್ದರಲ್ಲಿ ಇಡೀ ತಂಡ ಸಹಿ ಹಾಕಿದೆ ಎನ್ನುವ ಕ್ರಿಕೆಟ್ ಬ್ಯಾಟು. ಒಬ್ಬೊಬ್ಬರಿಗೆ ಬೇರೆಬೇರೆ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಮೊದಲ ಮಾತು: ಫೋಟೊ ನೋಡಿದ ಕ್ಷಣವೇ ಹೌದು, ಅಲ್ಲ ಎನ್ನುವವರನ್ನು ನಂಬಬೇಡಿ. ಹಾಗೆ ಹೇಳುವವನು ನಾನಾದರೂ ಸರಿಯೇ.

ನಾನು ಬ್ಯಾಂಕಿನಲ್ಲಿದ್ದವನು. ಕೆಲಸದ ಬಹುಪಾಲು ಚೆಕ್ ಪಾಸ್ ಮಾಡುವುದರಲ್ಲಿ ಕಳೆಯಿತು. ಕಂಪ್ಯೂಟರ್ ಬರುವ ಮೊದಲು ಪ್ರತಿ ಖಾತೆಗೂ ಒಂದು ಸ್ಪೆಸಿಮನ್ ಕಾರ್ಡು ಇರುತ್ತಿತ್ತು. ಖಾತೆ ತೆರೆಯುವ ದಿನ ಗ್ರಾಹಕರು ಅಧಿಕಾರಿಯ ಎದುರಿಗೇ ಕೂತು ಅದರ ಮೇಲೆ ಎರಡು ಮೂರು ಸಲ ಸಹಿ ಹಾಕಬೇಕು, ಅಧಿಕಾರಿ ಪಕ್ಕದಲ್ಲಿ ತನ್ನ ಸಹಿ ಹಾಕಿ ತಾರೀಖು ಬರೆಯಬೇಕು. ಚೆಕ್ಕು ಬಂದಾಗ ಆ ಕಾರ್ಡು ತೆಗೆದು ತಾಳೆ ನೋಡುತ್ತಿದ್ದೆವು. ತಾಳೆಯಾಗದಿದ್ದರೆ "ಸಿಗ್ನೇಚರ್ ಡಿಫರ್ಸ್" ಎಂದು ಮೆಮೊ ಹಚ್ಚಿ ವಾಪಸು. ಖೋಟಾ ಸಹಿಯ ಚೆಕ್ಕಿಗೆ ದುಡ್ಡು ಕೊಟ್ಟರೆ ನಷ್ಟ ಬ್ಯಾಂಕಿನದೇ ಎಂಬುದನ್ನು 1987ರಲ್ಲಿ ಸುಪ್ರೀಂ ಕೋರ್ಟು ಇನ್ನೊಮ್ಮೆ ಖಚಿತಪಡಿಸಿತು. ಹಾಗಾಗಿ ಈ ತಾಳೆ ನೋಡುವ ಕೆಲಸವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುತ್ತಿರಲಿಲ್ಲ.

ಇದರಲ್ಲಿ ಜಾಣತನವೆಲ್ಲ ಕಣ್ಣಿನದು ಎಂದು ಹೊರಗಿನವರು ತಿಳಿಯುತ್ತಾರೆ. ಕಣ್ಣಿನ ಸರದಿ ಆಮೇಲಿನದು, ಮೊದಲು ಬೇಕಾದದ್ದು ಕಾರ್ಡು. ಕಾರ್ಡಿನ ಮೇಲಿನ ಸಹಿ ಯಾರದೆಂದು ನಮಗೆ ಗೊತ್ತಿತ್ತು, ಏಕೆಂದರೆ ಅದು ನಮ್ಮವರೊಬ್ಬರ ಎದುರಿಗೇ ಬಿದ್ದದ್ದು. ಕಾನೂನೂ ಇದನ್ನೇ ಕೇಳುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 73ನೇ ಕಲಮು ಸಂಶಯದ ಸಹಿಯನ್ನು ಇನ್ನೊಂದು ಸಹಿಯ ಜೊತೆ ಹೋಲಿಸಲು ಒಪ್ಪುತ್ತಿತ್ತು; ಆದರೆ ಆ ಇನ್ನೊಂದು, ಕಕ್ಷಿದಾರರು ಒಪ್ಪಿಕೊಂಡದ್ದೋ ನ್ಯಾಯಾಲಯಕ್ಕೆ ತೃಪ್ತಿಯಾಗುವಂತೆ ಸಾಬೀತಾದದ್ದೋ ಆಗಿರಬೇಕಿತ್ತು. ಅದರ ಜಾಗಕ್ಕೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೂ ಈ ಮಾತು ಬದಲಾಗಿಲ್ಲ.

ನಿಮ್ಮ ಹವ್ಯಾಸದಲ್ಲಿ ಆ ಕಾರ್ಡು ಎಲ್ಲಿದೆ? ಕೇಳಿದರೆ ಬಹಳ ಮಂದಿ ಹೇಳುವುದು, "ಇಂಟರ್‌ನೆಟ್ಟಿನಲ್ಲಿ ನಾಲ್ಕಾರು ಸಹಿ ನೋಡಿದೆ, ಹೀಗೇ ಇತ್ತು." ಆ ನಾಲ್ಕಾರು ಎಲ್ಲಿಂದ ಬಂದವು? ಬಹುಪಾಲು ಮಾರಾಟಕ್ಕಿಟ್ಟ ಸರಕಿನ ಫೋಟೊಗಳು. ಅವು ಅಸಲಿ ಎಂದವರು ಯಾರು? ಮಾರುವವರು. ಒಂದೇ ಕೈ ನಾಲ್ಕು ಖೋಟಾ ಸಹಿ ಮಾಡಿ ನಾಲ್ಕು ಕಡೆ ಮಾರಿದ್ದರೆ ಅವು ಒಂದಕ್ಕೊಂದು ಚೆನ್ನಾಗಿಯೇ ತಾಳೆಯಾಗುತ್ತವೆ.

ಇದು ಬರೀ ಊಹೆಯಲ್ಲ. 1983ರ ಏಪ್ರಿಲಿನಲ್ಲಿ ಜರ್ಮನಿಯ ಸ್ಟರ್ನ್ ಪತ್ರಿಕೆ ಹಿಟ್ಲರನ ದಿನಚರಿ ಸಿಕ್ಕಿದೆ ಎಂದು ಜಗತ್ತಿಗೆ ಸಾರಿತು. ಅರವತ್ತಕ್ಕೂ ಹೆಚ್ಚು ಸಂಪುಟ, ಕೊಟ್ಟ ಬೆಲೆ ತೊಂಬತ್ತು ಲಕ್ಷ ಮಾರ್ಕಿಗೂ ಮೇಲೆ. ಪತ್ರಿಕೆಯವರು ಕಣ್ಣುಮುಚ್ಚಿ ಕೊಂಡವರಲ್ಲ. ಹೆಸರಾಂತ ಕೈಬರಹ ತಜ್ಞರಿಗೆ ಪುಟಗಳನ್ನು ಕಳಿಸಿದ್ದರು, ತಜ್ಞರು ಒಂದೇ ಕೈ ಎಂದು ವರದಿ ಕೊಟ್ಟಿದ್ದರು. ಆ ವರದಿಯಲ್ಲಿ ಸುಳ್ಳಿರಲಿಲ್ಲ, ಕೈ ನಿಜಕ್ಕೂ ಒಂದೇ. ಹೋಲಿಸಲೆಂದು ಅವರಿಗೆ ಕೊಟ್ಟ "ಅಸಲಿ" ಮಾದರಿಗಳಲ್ಲೂ ದಿನಚರಿ ಬರೆದ ಕೊನ್ರಾಡ್ ಕುಜಾವ್‌ನ ಖೋಟಾ ಕಾಗದಗಳು ಸೇರಿಕೊಂಡಿದ್ದವು. ಕುಜಾವ್‌ನನ್ನು ಕುಜಾವ್‌ನ ಪಕ್ಕ ಇಟ್ಟು ನೋಡಿ ತಾಳೆಯಾಯಿತು ಎಂದರು. ಕೊನೆಗೆ ಹಿಡಿದದ್ದು ಅಕ್ಷರವಲ್ಲ, ಕಾಗದ: ಯುದ್ಧದ ನಂತರವಷ್ಟೇ ಬಳಕೆಗೆ ಬಂದ ಬಿಳುಪುಕಾರಕ ಅದರಲ್ಲಿತ್ತು. ಮೇ ತಿಂಗಳ ಮೊದಲ ವಾರದಲ್ಲೇ ಜರ್ಮನಿಯ ರಾಷ್ಟ್ರೀಯ ದಾಖಲೆ ಭಂಡಾರದವರು ಇದು ಖೋಟಾ ಎಂದು ಹೇಳಿ ಮುಗಿಸಿದರು. ರಟ್ಟಿನ ಮೇಲೆ ಅಂಟಿಸಿದ, ಹಿಟ್ಲರನ ಹೆಸರಿನ ಮೊದಲಕ್ಷರಗಳಲ್ಲಿ ಎ ಇರಬೇಕಾದಲ್ಲಿ ಎಫ್ ಇತ್ತು ಎಂಬುದು ಇನ್ನೊಂದು ತಮಾಷೆ. ಕುಜಾವ್ ಜೈಲಿನಿಂದ ಹೊರಬಂದ ಮೇಲೆ ಪ್ರಸಿದ್ಧ ಚಿತ್ರಗಳ ನಕಲು ಬರೆದು, ತನ್ನದೇ ಸಹಿ ಹಾಕಿ, ನಕಲು ಎಂದು ಹೇಳಿಯೇ ಮಾರಿದ. ಅದಕ್ಕೂ ಗಿರಾಕಿಗಳು ಬಂದರು. ಅವನು ಸತ್ತ ಮೇಲೆ ಅವನ ಸಂಬಂಧಿಯೊಬ್ಬಳು ಯಾರೋ ಬರೆದ ಅಗ್ಗದ ಚಿತ್ರಗಳಿಗೆ ಅವನ ಸಹಿ ಖೋಟಾ ಮಾಡಿ ಮಾರಿ 2010ರಲ್ಲಿ ಶಿಕ್ಷೆಗೆ ಒಳಗಾದಳು.

ಆದ್ದರಿಂದ ಕೊಳ್ಳುವ ಮೊದಲು ಒಂದಷ್ಟು ದಿನ ಏನೂ ಕೊಳ್ಳದೆ ಅಸಲಿಯನ್ನು ಮಾತ್ರ ನೋಡಿ. ಖೋಟಾದ ತಪ್ಪುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ತಪ್ಪುಗಳಿಗೆ ಲೆಕ್ಕವಿಲ್ಲ, ಒಬ್ಬ ಮನುಷ್ಯನ ಕೈಗೆ ಒಂದು ನಡೆ ಇರುತ್ತದೆ. ಅದನ್ನು ಎಲ್ಲಿ ನೋಡಬೇಕು? ಕವಿಗಳ ಮನೆಗಳನ್ನು ಸ್ಮಾರಕವಾಗಿ ಉಳಿಸಿರುವ ಕುಪ್ಪಳಿ, ಸಾಧನಕೇರಿಯಂಥ ಕಡೆ ಹೋದಾಗ, ಗಾಜಿನ ಪೆಟ್ಟಿಗೆಯಲ್ಲಿ ಕೈಬರಹವೇನಾದರೂ ಕಂಡರೆ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಿ. ವಿಶ್ವವಿದ್ಯಾಲಯದ ಹಳೇ ಕಡತ, ಮನೆತನದಲ್ಲಿ ಉಳಿದ ಪತ್ರ, ರಿಜಿಸ್ಟರ್ ಆದ ದಸ್ತಾವೇಜು ಒಳ್ಳೆಯ ಮಾದರಿಗಳು. ಅವನ್ನು ಯಾರೂ ಮಾರುವುದಕ್ಕೆಂದು ಬರೆದಿರಲಿಲ್ಲ, ತಾರೀಖೂ ಇರುತ್ತದೆ.

ತಾರೀಖು ಏಕೆಂದರೆ ಕೈ ಬದಲಾಗುತ್ತದೆ. ಇಪ್ಪತ್ತೈದನೇ ವಯಸ್ಸಿನ ಸಹಿಯ ಪಕ್ಕ ಎಪ್ಪತ್ತರ ಸಹಿ ಇಟ್ಟರೆ ಅಸಲಿಯೂ ಖೋಟಾ ಎನಿಸುತ್ತದೆ. ಬ್ಯಾಂಕಿನಲ್ಲಿ ಪಿಂಚಣಿದಾರರು ಬಂದಾಗ ಹೊಸ ಸ್ಪೆಸಿಮನ್ ತೆಗೆದುಕೊಳ್ಳುತ್ತಿದ್ದದ್ದು ಇದಕ್ಕೇ. ವಿಶ್ವೇಶ್ವರಯ್ಯನವರು ನೂರು ದಾಟಿದರು, ಮಾಸ್ತಿ, ಕಾರಂತರು ತೊಂಬತ್ತೈದರ ಹತ್ತಿರ ಬದುಕಿದರು. ಇಂಥವರ ಒಂದು ಮಾದರಿ ಇಟ್ಟುಕೊಂಡು ಇಡೀ ಜೀವಮಾನ ಅಳೆಯಲಾಗದು. ಗಾಂಧೀಜಿಯವರದ್ದು ಇನ್ನೂ ವಿಚಿತ್ರ. ಬಲಗೈ ಸೋತರೆ ಎಡಗೈಯಲ್ಲಿ ಬರೆಯುತ್ತಿದ್ದರು. 1909ರಲ್ಲಿ ಹಡಗಿನಲ್ಲಿ ಕೂತು "ಹಿಂದ್ ಸ್ವರಾಜ್" ಬರೆದಾಗ ಹಲವು ಪುಟಗಳು ಎಡಗೈಯವು. ಹರಿಜನ ನಿಧಿಗೆಂದು ಐದು ರೂಪಾಯಿ ಪಡೆದು ಹಸ್ತಾಕ್ಷರ ಕೊಡುತ್ತಿದ್ದದ್ದರಿಂದ ಅವರ ಅಸಲಿ ಸಹಿಗಳೂ ಊರೂರಲ್ಲಿ ಚೆದುರಿವೆ. ಎಡಗೈಯ ಬರಹವನ್ನು ಬಲಗೈಯ ಪಕ್ಕ ಇಟ್ಟು ಖೋಟಾ ಎಂದು ಎಸೆದುಬಿಟ್ಟೀರಿ, ಜೋಕೆ.

ಮಾದರಿ ಸರಿಯಾದದ್ದು ಸಿಕ್ಕ ಮೇಲೆ ಕಣ್ಣಿನ ಕೆಲಸ. ಎಲ್ಲರೂ ಮೊದಲು ಅಕ್ಷರದ ಆಕಾರ ನೋಡುತ್ತಾರೆ. ಖೋಟಾ ಮಾಡುವವನೂ ಅದನ್ನೇ ನೋಡಿರುತ್ತಾನೆ, ಆದ್ದರಿಂದ ಆಕಾರದಲ್ಲಿ ಅವನು ಅಪರೂಪಕ್ಕೆ ತಪ್ಪುತ್ತಾನೆ. ನೀವು ನೋಡಬೇಕಾದದ್ದು ಗೆರೆಯ ಓಟ. ತನ್ನ ಹೆಸರು ಬರೆಯುವವನು ಬರೆಯುವುದರ ಬಗ್ಗೆ ಯೋಚಿಸುವುದಿಲ್ಲ. ಪೆನ್ನು ಕಾಗದ ಮುಟ್ಟುವ ಮೊದಲೇ ಕೈ ಚಲಿಸುತ್ತಿರುತ್ತದೆ, ಮುಗಿದ ಮೇಲೂ ಗಾಳಿಯಲ್ಲಿ ಸ್ವಲ್ಪ ದೂರ ಹೋಗುತ್ತದೆ. ಹಾಗಾಗಿ ಗೆರೆಯ ಮೊದಲೂ ಕೊನೆಯೂ ಸಣ್ಣಗೆ ಹಾರಿದಂತಿರುತ್ತವೆ. ನೋಡಿ ಬರೆಯುವವನು ಪೆನ್ನು ಊರಿ ಶುರುಮಾಡುತ್ತಾನೆ, ಊರಿ ನಿಲ್ಲಿಸುತ್ತಾನೆ. ಎರಡು ತುದಿಯೂ ಮೊಂಡು. ನಡುವೆ ಮಾದರಿ ನೋಡಲು ತಲೆ ಎತ್ತಿದ ಕಡೆ ಶಾಯಿ ಒಂದು ಚುಕ್ಕಿಯಾಗಿ ನಿಂತಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು, ಇದೆಲ್ಲ ಕಾಣುತ್ತದೆ.

ಕನ್ನಡದಲ್ಲಿ ನಮಗೊಂದು ಅನುಕೂಲವಿದೆ, ಅದನ್ನು ಯಾರೂ ಗಮನಿಸಿದಂತಿಲ್ಲ. ನಮ್ಮ ಅಕ್ಷರ ಸುತ್ತುಸುತ್ತಾದದ್ದು. ನೇರ ಗೀಟಿನಲ್ಲಿ ಅಳುಕನ್ನು ಅಡಗಿಸಬಹುದು, ಸುತ್ತಿನಲ್ಲಿ ಆಗದು. ಅನುಮಾನದಿಂದ ಹೋದ ಕೈ ದುಂಡಗಿನ ತಿರುವನ್ನು ಮೂಲೆಮೂಲೆಯಾಗಿ ಮುರಿದು ದಾಟುತ್ತದೆ. ತಲೆಕಟ್ಟನ್ನು ಅಕ್ಷರದ ಜೊತೆಗೇ ಎಳೆಯುತ್ತಾರೋ, ಪೆನ್ನು ಎತ್ತಿ ಆಮೇಲೆ ಇಡುತ್ತಾರೋ? ಸೊನ್ನೆಯನ್ನು ಮೇಲಿನಿಂದ ಸುತ್ತುತ್ತಾರೋ, ಕೆಳಗಿನಿಂದಲೋ, ಪೂರ್ತಿ ಮುಚ್ಚುತ್ತಾರೋ? ಕೊಂಬು ಬರೆದ ಕೈ ಹಾಗೇ ಮುಂದಿನ ಅಕ್ಷರಕ್ಕೆ ಜಾರುತ್ತದೋ? ಇವು ಬರೆಯುವವನಿಗೇ ಗೊತ್ತಿರದ ಅಭ್ಯಾಸಗಳು, ನಕಲು ಮಾಡುವವನ ಲಕ್ಷ್ಯಕ್ಕೂ ಬರುವುದು ಕಡಿಮೆ.

ನಡುಕ ಕಂಡ ಕೂಡಲೇ ಖೋಟಾ ಎನ್ನಬೇಡಿ. ವಯಸ್ಸಾದವರ ಕೈ ನಡುಗುತ್ತದೆ, ಆದರೆ ಆ ನಡುಕದ ಕೆಳಗೆ ಹೆಸರು ಎತ್ತ ಹೋಗಬೇಕೆಂಬುದು ಕೈಗೆ ಗೊತ್ತಿರುತ್ತದೆ. ಗೆರೆ ಒರಟಾಗಿ, ಏರುಪೇರಾಗಿ, ಧೈರ್ಯವಾಗಿ ಮುಂದೆ ಹೋಗುತ್ತದೆ. ಖೋಟಾದ ನಡುಕ ಸಣ್ಣದು, ಉದ್ದಕ್ಕೂ ಒಂದೇ ಸಮ, ಕಷ್ಟದ ತಿರುವಿನಲ್ಲೂ ಸುಲಭದ ಗೀಟಿನಲ್ಲೂ ಅಷ್ಟೇ. ಆಮೇಲೆ ತಿದ್ದಿರುತ್ತಾರೆ. ಅಸಲಿ ಸಹಿಯನ್ನು ಯಾರೂ ಕೂತು ತಿದ್ದುವುದಿಲ್ಲ, ಕೆಟ್ಟದಾಗಿ ಬಿದ್ದರೆ ಹಾಗೇ ಬಿಟ್ಟುಹೋಗುತ್ತಾರೆ.

ಇನ್ನೊಂದು ಮಾತಿಗೆ ನಿಮ್ಮಲ್ಲಿ ಬಹಳ ಮಂದಿ ಒಪ್ಪುವುದಿಲ್ಲವೆಂದು ಬಲ್ಲೆ. ಸಹಿ ಮಾದರಿಯ ಜೊತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿದರೆ ಹಿಗ್ಗಬೇಡಿ, ಹೆದರಿ. ಯಾವ ಮನುಷ್ಯನೂ ಎರಡು ಸಲ ಒಂದೇ ಸಹಿ ಹಾಕಲಾರ. ಅಮೆರಿಕದಲ್ಲಿ ಹೌಲ್ಯಾಂಡ್ ಉಯಿಲಿನ ಮೊಕದ್ದಮೆ ಎಂದು ಒಂದಿದೆ, 1868ರಲ್ಲಿ ತೀರ್ಪಾದದ್ದು. ಸತ್ತ ಶ್ರೀಮಂತ ಹೆಂಗಸಿನ ಎರಡು ಸಹಿಗಳು ಒಂದರ ಮೇಲೊಂದು ಇಟ್ಟರೆ ಪೂರ್ತಿ ಕೂಡುತ್ತಿದ್ದವು. ಹಾರ್ವರ್ಡಿನ ಗಣಿತಜ್ಞ ಬೆಂಜಮಿನ್ ಪಿಯರ್ಸ್ ಆಕೆಯ 42 ಅಸಲಿ ಸಹಿಗಳನ್ನು ಜೋಡಿಜೋಡಿಯಾಗಿ ಹೋಲಿಸಿ, ಕೆಳಮುಖವಾದ 30 ಗೀಟುಗಳೂ ಹೀಗೆ ಕೂಡಿಬರುವ ಸಂಭವ 2,666ರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟರಲ್ಲಿ ಒಂದು ಎಂದು ಲೆಕ್ಕ ಕೊಟ್ಟ. ಅವನ ಲೆಕ್ಕದ ರೀತಿಯನ್ನು ಇಂದಿನ ಸಂಖ್ಯಾಶಾಸ್ತ್ರಜ್ಞರು ಒಪ್ಪಲಿಕ್ಕಿಲ್ಲ, ನ್ಯಾಯಾಲಯವೂ ಮೊಕದ್ದಮೆಯನ್ನು ಬೇರೆ ಕಾನೂನಿನ ಅಂಶದ ಮೇಲೆ ಮುಗಿಸಿತು. ಆದರೆ ಎರಡು ಸಹಿ ಅಚ್ಚೊತ್ತಿದಂತೆ ಕೂಡಿದರೆ ಒಂದರ ಮೇಲೆ ಇಟ್ಟು ಇನ್ನೊಂದನ್ನು ಎಳೆದಿದ್ದಾರೆ ಎಂಬ ಅವನ ತರ್ಕ ಗಟ್ಟಿಯಾಗಿಯೇ ಉಳಿದಿದೆ. ಬ್ಯಾಂಕಿನಲ್ಲೂ ಕಾರ್ಡಿಗಿಂತ ಚೆನ್ನಾಗಿ ಬಿದ್ದ ಸಹಿ ಕಂಡರೆ ಹಿರಿಯರು ಎರಡನೇ ಸಲ ನೋಡುತ್ತಿದ್ದರು.

ಈಗ ಎಳೆಯುವುದಕ್ಕೆ ಕೈಯೇ ಬೇಕಿಲ್ಲ. ಪೆನ್ನು ಹಿಡಿದು ಸಹಿ ಹಾಕುವ ಆಟೊಪೆನ್ ಯಂತ್ರವನ್ನು ಅಮೆರಿಕದ ಅಧ್ಯಕ್ಷರ ಕಚೇರಿಯಲ್ಲಿ ಹಲವು ದಶಕಗಳಿಂದ ಬಳಸುತ್ತಾರೆ. ಶಾಯಿ ನಿಜ, ಪೆನ್ನು ನಿಜ, ಕೈ ಮಾತ್ರ ಇಲ್ಲ. 2022ರಲ್ಲಿ ಗಾಯಕ ಬಾಬ್ ಡಿಲನ್‌ನ ಪುಸ್ತಕದ 900 ಪ್ರತಿಗಳನ್ನು ಸ್ವಹಸ್ತದ ಸಹಿಯವು ಎಂದು ತಲಾ 599 ಡಾಲರಿಗೆ ಮಾರಿದರು. ಹೌದು ಎಂದು ಪ್ರಕಾಶಕರ ಪತ್ರವೂ ಜೊತೆಗಿತ್ತು. ಕೊಂಡವರು ತಮ್ಮ ತಮ್ಮ ಪ್ರತಿಗಳ ಫೋಟೊ ಪಕ್ಕಪಕ್ಕ ಇಟ್ಟರು. ಸಹಿಗಳು ಒಂದರಂತೆ ಒಂದು! ಪ್ರಕಾಶಕರು ದುಡ್ಡು ವಾಪಸು ಕೊಟ್ಟರು, ಡಿಲನ್ ಯಂತ್ರ ಬಳಸಿದ್ದನ್ನು ಒಪ್ಪಿ ಕ್ಷಮೆ ಕೇಳಿದ. ಒಂದೊಂದನ್ನೇ ನೋಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಹಳೇ ಕನ್ನಡ ಪುಸ್ತಕಗಳಲ್ಲೂ ಮುನ್ನುಡಿಯ ಕೆಳಗೆ ಲೇಖಕರ ಸಹಿಯನ್ನು ಬ್ಲಾಕ್ ಮಾಡಿಸಿ ಅಚ್ಚು ಹಾಕುವ ಪದ್ಧತಿ ಇತ್ತು. ಅದನ್ನು ಸ್ವಹಸ್ತದ್ದೆಂದು ತಿಳಿದು ದುಡ್ಡು ಸುರಿದವರಿದ್ದಾರೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೊಳೆಯಚ್ಚಿನದಾದರೆ ಗೆರೆಯ ಅಂಚಿನಲ್ಲಿ ಶಾಯಿ ಹಿಂಡಿ ಗಾಢವಾಗಿರುತ್ತದೆ. ಪೆನ್ನಿನ ಗೆರೆಯಲ್ಲಿ ಒತ್ತು ಹೆಚ್ಚುಕಡಿಮೆಯಾಗುತ್ತದೆ, ಒಂದು ಗೀಟು ಇನ್ನೊಂದನ್ನು ದಾಟಿದ ಕಡೆ ಅದು ತಿಳಿಯುತ್ತದೆ.

ಕಾಗದದ ವಿಷಯಕ್ಕೆ ಬಂದರೆ ನೀವು ನನಗಿಂತ ಚುರುಕಾಗಿರಬೇಕಿತ್ತು, ಏಕೆಂದರೆ ಇಲ್ಲಿ ಬೇಕಾದದ್ದು ನಮ್ಮದೇ ನಾಡಿನ ತಿಳಿವಳಿಕೆ. ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡದ್ದು 1940ರಲ್ಲಿ. ಬಾಲ್‌ಪೆನ್ನು ಅಂಗಡಿಗೆ ಬಂದದ್ದೇ ಅದಾದ ಕೆಲವು ವರ್ಷಗಳ ಮೇಲೆ. ಅವರ ಬಾಲ್‌ಪೆನ್ ಸಹಿ ಎಂದು ಯಾರಾದರೂ ತೋರಿಸಿದರೆ ಭೂತಗನ್ನಡಿ ಜೇಬಿನಿಂದ ತೆಗೆಯುವುದೂ ದಂಡ. ಸ್ಕೆಚ್‌ಪೆನ್ನಿನಂಥವು 1960ರ ದಶಕದವು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ; ಸಹಿ ಇರುವ ಪ್ರತಿಯ ಮುದ್ರಣದ ವರ್ಷವನ್ನು ಮೊದಲು ನೋಡಿ, ಆಮೇಲೆ ಸಹಿ. ಇಷ್ಟು ಸುಲಭದ್ದನ್ನೂ ನೋಡದೆ ಕೊಳ್ಳುವವರಿದ್ದಾರೆ.

ಪತ್ರವಾದರೆ ವಿಳಾಸ ಓದಿ. ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. 1965ರ ತಾರೀಖು ಹಾಕಿದ ಪತ್ರದ ತಲೆಬರಹದಲ್ಲಿ ಆರಂಕಿಯ ಪಿನ್‌ಕೋಡ್ ಅಚ್ಚಾಗಿದ್ದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೇನು? ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾದದ್ದು 1973ರ ನವೆಂಬರ್ 1ರಂದು. ಅದಕ್ಕೆ ಮೊದಲಿನ ಸರ್ಕಾರಿ ಪತ್ರದಲ್ಲಿ ಮೈಸೂರು ಸರ್ಕಾರ ಎಂದಿರಬೇಕು. ಕಾರ್ಡಿನ ಮೇಲಿನ ಅಂಚೆಚೀಟಿಯ ಬೆಲೆ ಆಣೆಯಲ್ಲಿದೆಯೋ ನಯೇ ಪೈಸೆಯಲ್ಲಿದೆಯೋ ನೋಡಿ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲಿನಲ್ಲಿ. ಅಂಚೆ ಮೊಹರು ಶಾಯಿಯ ಮೇಲೆ ಬಿದ್ದಿದೆಯೋ, ಶಾಯಿ ಮೊಹರಿನ ಮೇಲೋ ಎಂಬುದೂ ಒಂದು ಕಥೆ ಹೇಳುತ್ತದೆ. ಹಳೇ ಖಾಲಿ ಕಾಗದಕ್ಕೆ ಹೊಸ ಸಹಿ ಹಾಕುವ ಚಾಲಾಕಿಗಳೂ ಇದ್ದಾರೆ, ಹಾಗಾಗಿ ಕಾಗದ ಹಳೆಯದು ಎಂದರೆ ಸಹಿ ಹಳೆಯದು ಎಂದಾಗಲಿಲ್ಲ. ಆದರೆ ಹಳೇ ಕಾಗದದ ಗಂಜಿ ಸತ್ತಿರುತ್ತದೆ, ಇಂಕ್ ಪೆನ್ನಿನ ಶಾಯಿ ಅದರಲ್ಲಿ ಎಳೆಎಳೆಯಾಗಿ ಹರಡುತ್ತದೆ. ಮಡಿಕೆ ಮುರಿದ ಕಡೆ ಗೆರೆ ಹಾದುಹೋಗಿದ್ದರೆ ಶಾಯಿ ಬಿರುಕಿನೊಳಗೆ ಇಳಿದಿದೆಯೇ ನೋಡಿ. ಇಳಿದಿದ್ದರೆ ಮಡಚಿ ಎಷ್ಟೋ ಕಾಲದ ಮೇಲೆ ಸಹಿ ಬಿದ್ದಿದೆ. ನೋಟು ಪರೀಕ್ಷಿಸುವ ನೀಲಿ ದೀಪ ಈಗ ಕಿರಾಣಿ ಅಂಗಡಿಯಲ್ಲೂ ಇರುತ್ತದೆ. ಯುದ್ಧಕ್ಕೆ ಮುಂಚಿನದೆನ್ನುವ ಕಾಗದ ಅದರ ಕೆಳಗೆ ಬೆಳ್ಳಗೆ ಹೊಳೆದರೆ ಕುಜಾವ್‌ನನ್ನು ನೆನಪಿಸಿಕೊಳ್ಳಿ.

ಬ್ಯಾಟಿನ ಗೆಳೆಯರಿಗೆ ಎರಡೇ ಮಾತು. ಬ್ಯಾಟಿನ ಮೇಲೆ ಆಟಗಾರನ ಸಹಿಯನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕುವುದು ಬ್ರಾಡ್ಮನ್ ಕಾಲದಿಂದ ನಡೆದುಬಂದದ್ದು. ತಂಡದ ಸಹಿಯಂತೂ ಇನ್ನೂ ತೊಡಕು. 1948ರಲ್ಲಿ ಆಸ್ಟ್ರೇಲಿಯಾ ತಂಡ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಾಗ ಆಟಗಾರರ ಮುಂದೆ ಸಾವಿರಾರು ಹಾಳೆಗಳ ರಾಶಿ ಇಟ್ಟಿದ್ದರು, ಸಹಿ ಹಾಕಿ ಎಂದು. ಸಿಡ್ ಬಾರ್ನ್ಸ್ ತನ್ನ ಸಹಿಯ ರಬ್ಬರ್ ಮೊಹರು ಮಾಡಿಸಿಕೊಂಡು, ಒತ್ತುವ ಕೆಲಸವನ್ನು ಹುಡುಗನೊಬ್ಬನಿಗೆ ಒಪ್ಪಿಸಿದನಂತೆ. ಆ ಹಾಳೆಗಳಲ್ಲಿ ಬ್ರಾಡ್ಮನ್ ಅಸಲಿಯಾದರೂ ಬಾರ್ನ್ಸ್ ಅಲ್ಲ! ಆದ್ದರಿಂದ ತಂಡದ ಹಾಳೆಯನ್ನು ಒಟ್ಟಾಗಿ ಅಲ್ಲ, ಹೆಸರು ಹೆಸರಾಗಿ ನೋಡಿ. ಎಲ್ಲ ಹೆಸರೂ ಒಂದೇ ಓರೆಯಲ್ಲಿ, ಒಂದೇ ಒತ್ತಿನಲ್ಲಿ, ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟಂತೆ ಅಚ್ಚುಕಟ್ಟಾಗಿ ಕೂತಿದ್ದರೆ ಬರೆದವನು ಒಬ್ಬನೇ.

"ಸರ್ಟಿಫಿಕೇಟ್ ಇದೆ ಸಾರ್" ಎನ್ನುತ್ತೀರಿ. ಸಹಿಯನ್ನೇ ಖೋಟಾ ಮಾಡಬಲ್ಲವನಿಗೆ ಸರ್ಟಿಫಿಕೇಟು ಯಾವ ಲೆಕ್ಕ? 1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ "ಆಪರೇಷನ್ ಬುಲ್‌ಪೆನ್" ಎಂಬ ತನಿಖೆಯಲ್ಲಿ ಹಿಡಿದ ಜಾಲ ಮಾಡಿದ್ದು ಇದನ್ನೇ. ಬೇಸ್‌ಬಾಲ್ ಚೆಂಡುಗಳ ಮೇಲೆ ಆಟಗಾರರ ಸಹಿ, ಜೊತೆಗೆ ಅಚ್ಚುಕಟ್ಟಾದ ಪ್ರಮಾಣಪತ್ರ. ಕೊನೆಗೆ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಚೆಂಡೂ ಸಿಕ್ಕಿತು. ಕೊಲ್ಕತ್ತದ ತಾಯಿ ಬೇಸ್‌ಬಾಲ್ ಹಿಡಿದು ಯಾಕೆ ಕೂತಾರು ಎಂದು ಕೊಳ್ಳುವವರು ಕೇಳಿಕೊಳ್ಳಲಿಲ್ಲ. ಟೋನಿ ಗ್ವಿನ್ ಎಂಬ ಆಟಗಾರ ತನ್ನದೇ ಖೋಟಾ ಸಹಿಗಳು ಮಾರಾಟವಾಗುತ್ತಿರುವುದನ್ನು ಕಂಡು ದೂರಿದ್ದ. ಇದೆಲ್ಲ ಆದ ಮೇಲೆ 2001ರಲ್ಲಿ ಅಲ್ಲಿನ ಬೇಸ್‌ಬಾಲ್ ಸಂಸ್ಥೆ ತಂದ ಏರ್ಪಾಡು ನೋಡಿದರೆ ನಮ್ಮ ಹಳೇ ಬ್ಯಾಂಕಿನವರು ನಗುತ್ತಾರೆ: ಸಹಿ ಹಾಕುವಾಗ ಎದುರಿಗೆ ಒಬ್ಬ ಸಾಕ್ಷಿ ನಿಂತಿರಬೇಕು, ಅಲ್ಲೇ ಹೋಲೋಗ್ರಾಮ್ ಅಂಟಿಸಬೇಕು. ಸ್ಪೆಸಿಮನ್ ಕಾರ್ಡಿನ ಪದ್ಧತಿಯೇ.

ಆಗಿಹೋದ ಕನ್ನಡ ಲೇಖಕರ ಎದುರಿಗೆ ಈಗ ಸಾಕ್ಷಿ ನಿಲ್ಲಿಸಲಾಗದು. ಹಾಗೆಂದು ಕಾರ್ಡೇ ಇಲ್ಲ ಎಂದಲ್ಲ, ಅದು ನಮ್ಮ ಮನೆಗಳ ಟ್ರಂಕುಗಳಲ್ಲಿದೆ. ಬಂದ ಪತ್ರಕ್ಕೆ ಉತ್ತರ ಬರೆಯುವುದರಲ್ಲಿ ಕಾರಂತರ ಶಿಸ್ತು ಹೆಸರಾದದ್ದು. ಪುತ್ತೂರಿನಿಂದ, ಸಾಲಿಗ್ರಾಮದಿಂದ ಅವರು ಹಾಕಿದ ಕಾರ್ಡುಗಳು ಎಷ್ಟು ಮನೆಗಳಲ್ಲಿ ಉಳಿದಿರಬೇಡ? ಮಾಸ್ತಿ, ಡಿವಿಜಿಯವರಿಂದ ಪತ್ರ ಬಂದ ಮನೆಗಳೂ ಇವೆ. ಇವುಗಳಲ್ಲಿ ಹೆಸರಿಗಿಂತ ಹೆಚ್ಚು ಬರಹವಿದೆ, ತಾರೀಖಿದೆ, ಅಂಚೆ ಮೊಹರಿದೆ, ಯಾರಿಗೆ ಬರೆದದ್ದೆಂದು ಗೊತ್ತಿದೆ. ನಿಮಗೋ "ಇಂಥವರಿಗೆ ವಿಶ್ವಾಸದಿಂದ" ಎಂದು ಬರೆದ ಪ್ರತಿ ಬೇಡ, ಬರೀ ಸಹಿ ಇರುವುದೇ ಬೇಕು. ಬರಹ ಉದ್ದವಾದಷ್ಟೂ ಖೋಟಾ ಮಾಡುವುದು ಕಷ್ಟ ಎಂಬ ಸರಳ ಲೆಕ್ಕವನ್ನು ಬಿಟ್ಟು, ನಾಲ್ಕಕ್ಷರದ ಸಹಿಗೆ ಹೆಚ್ಚು ದುಡ್ಡು ಕೊಡುತ್ತೀರಿ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಮನೆಯಲ್ಲಿ, ಬಂಧುಗಳಲ್ಲಿ, ಹಳೇ ಮೇಷ್ಟರುಗಳ ಮನೆಯಲ್ಲಿ ಇಂಥ ಪತ್ರಗಳಿದ್ದರೆ ಎರಡೂ ಬದಿಯ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟು. ಯಾರಿಗೆ ಬಂದದ್ದು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮೂಲವನ್ನು ಮಾರಬೇಡಿ ಎನ್ನುವುದಿಲ್ಲ; ಮಾರುವ ಮೊದಲು ಚಿತ್ರದ ಒಂದು ಪ್ರತಿಯನ್ನು ಲೇಖಕರ ಟ್ರಸ್ಟಿಗೋ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಕೊಡಿ. ಕೊಂಡ ಮೇಲೆ ಅನುಮಾನ ಬಂದ ಸಹಿಗಳನ್ನು ಹರಿದು ಬಿಸಾಡಬೇಡಿ, ಅವುಗಳಿಂದಲೂ ಕಲಿಯುವುದಿದೆ. ಹಿಂಬದಿಯ ಮೂಲೆಯಲ್ಲಿ ಸೀಸದಕಡ್ಡಿಯಲ್ಲಿ ಸಣ್ಣಗೆ "ಸಂಶಯ" ಎಂದು ಬರೆದು ಬೇರೆ ಕವರಿನಲ್ಲಿಡಿ. ಆ ಕವರನ್ನು ಯಾವ ಕಾರಣಕ್ಕೂ ಮಾದರಿಗಳ ಜೊತೆ ಸೇರಿಸಬೇಡಿ.

ಇಂತಿ ನಿಮ್ಮವ,
ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ